ಕಾರೂನನ ಖಜಾನೆ ಮತ್ತು ಕಾಮಿಕ್ಸಿನ ಖಳನಾಯಕ

ಕಾಮಿಕ್ಸ್ ಪುಸ್ತಕಗಳ ಬಗ್ಗೆ ಗಂಭೀರವಾಗಿ ಬರೆಯುವ ರೂಢಿ ಕನ್ನಡದಲ್ಲಿ ಇಲ್ಲ. ಮಕ್ಕಳು ಬೇಸಿಗೆ ರಜೆಯಲ್ಲಿ ಓದಿ ಮೂಲೆಗೆಸೆಯುವ ಸರಕು ಅದು ಎಂದು ನಮ್ಮ ವಿಮರ್ಶಕರು ಪಕ್ಕಕ್ಕಿಟ್ಟುಬಿಟ್ಟಿದ್ದಾರೆ. ಆದರೆ ಕೆಟ್ಟವನೆಂದರೆ ಯಾರು, ಅವನು ಹೇಗಿರುತ್ತಾನೆ, ಕೊನೆಗೆ ಅವನಿಗೆ ಏನಾಗುತ್ತದೆ ಎಂಬ ಮೊದಲ ಪಾಠವನ್ನು ನಮ್ಮಲ್ಲಿ ಹಲವರು ಕಲಿತದ್ದು ಇಂಥ ಪುಸ್ತಕಗಳಿಂದಲೇ. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಆಮೇಲೆ ಕನ್ನಡಕ್ಕೆ ಬಂದ ನಮ್ಮಂಥವರ ಮನೆಗಳಲ್ಲಿ ಹಿರಿಯರು ಇಬ್ನೆ ಸಫಿಯ ಜಾಸೂಸಿ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕನ್ನಡದ ಕಡೆಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಪುಸ್ತಕಗಳು ಬರುತ್ತಿದ್ದವು. ಬಾಡಿಗೆ ಪುಸ್ತಕದಂಗಡಿಯಲ್ಲಿ ಇಂದ್ರಜಾಲ ಕಾಮಿಕ್ಸ್ ಸಿಗುತ್ತಿತ್ತು. ಈ ಎಲ್ಲ ಕಥೆಗಳಲ್ಲಿ ಕೆಟ್ಟವನು ಕದ್ದು ಬದುಕುವವನು. ಗವಿಯಲ್ಲೋ ಹಾಳು ಬಂಗಲೆಯಲ್ಲೋ ಅಡಗಿರುತ್ತಾನೆ. ಪೊಲೀಸರನ್ನು ಕಂಡರೆ ಓಡುತ್ತಾನೆ. ಕೊನೆಯ ಪುಟದಲ್ಲಿ ಸಿಕ್ಕಿಬೀಳುತ್ತಾನೆ.

ಪೊಲೀಸರನ್ನು ಕಂಡು ಓಡದ, ಪೊಲೀಸರೇ ಎದ್ದು ನಿಂತು ಸಲಾಮು ಹೊಡೆಯುವ ಖಳನಾಯಕನೊಬ್ಬ ಕಾಮಿಕ್ಸ್ ಲೋಕಕ್ಕೆ ಬಂದದ್ದು 1986ರಲ್ಲಿ. ಅವನ ಹೆಸರು ಲೆಕ್ಸ್ ಲೂಥರ್. ಈ ಲೇಖನದಲ್ಲಿ ನಾವು ಅವನ ಏಳುಬೀಳಿನ ಕಥೆಯನ್ನು ನಮ್ಮ ಬೆಂಗಳೂರಿನ ಅಂಚಿನಲ್ಲಿ ನಿಂತು ಓದಲು ಪ್ರಯತ್ನಿಸಿದ್ದೇವೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ನಡುವೆ ಬದುಕುವವರಿಗೆ ಅಮೆರಿಕದ ಈ ಬೋಳುತಲೆಯ ಸೇಠನಿಂದ ಏನಾದರೂ ತಿಳಿಯುತ್ತದೆಯೇ ಎಂಬುದು ಪ್ರಶ್ನೆ. ಅವನ ಕಥೆ ನಮ್ಮಿಂದ ಏನನ್ನಾದರೂ ಮುಚ್ಚಿಡುತ್ತದೆಯೇ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ.

ಲೂಥರ್ ಹುಟ್ಟಿದ್ದು 1940ರಲ್ಲಿ, ಸೂಪರ್‌ಮ್ಯಾನ್ ಹುಟ್ಟಿದ ಎರಡು ವರ್ಷಕ್ಕೆ. ಆಗ ಅವನ ತಲೆಯಲ್ಲಿ ಕೆಂಪುಗೂದಲಿತ್ತು. ಕೂದಲು ಹೋದದ್ದು ಮುಂದಿನ ವರ್ಷ. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಅವನು ಒಬ್ಬ ಹುಚ್ಚು ವಿಜ್ಞಾನಿ. ಯಂತ್ರಗಳನ್ನು ಕಟ್ಟುವುದು, ಜಗತ್ತನ್ನೇ ಆಳುತ್ತೇನೆಂದು ಹೊರಡುವುದು, ಸೋತು ಜೈಲಿಗೆ ಹೋಗುವುದು, ತಪ್ಪಿಸಿಕೊಂಡು ಮತ್ತೆ ಬರುವುದು, ಇಷ್ಟೇ ಅವನ ಕೆಲಸ. 1986ರಲ್ಲಿ ಜಾನ್ ಬರ್ನ್ ಎಂಬ ಲೇಖಕ-ಚಿತ್ರಕಾರ ಸೂಪರ್‌ಮ್ಯಾನ್ ಕಥೆಯನ್ನು ಮೊದಲಿನಿಂದ ಹೊಸದಾಗಿ ಬರೆದಾಗ ಲೂಥರನ ಬಿಳಿ ಕೋಟು ಕಳಚಿ ಸೂಟು ತೊಡಿಸಲಾಯಿತು. ಈ ಸಲಹೆ ಕೊಟ್ಟವನು ಮಾರ್ವ್ ವುಲ್ಫ್‌ಮನ್ ಎಂಬ ಇನ್ನೊಬ್ಬ ಲೇಖಕ. ಅದು ರೇಗನ್ ಅಧ್ಯಕ್ಷನಾಗಿದ್ದ ಕಾಲ. ಶೇರುಪೇಟೆಯ ಸಾಹುಕಾರರ ಮುಖಗಳು ಪತ್ರಿಕೆಗಳ ಮುಖಪುಟಕ್ಕೆ ಬರುತ್ತಿದ್ದ ಕಾಲ. ಇಂಥ ಕಾಲದಲ್ಲಿ ಜನ ನಿಜವಾಗಿ ಹೆದರಬೇಕಾದದ್ದು ಪ್ರಯೋಗಶಾಲೆಯ ಹುಚ್ಚನಿಗಲ್ಲ, ಕಂಪನಿಯ ಯಜಮಾನನಿಗೆ ಎಂದು ಈ ಲೇಖಕರಿಗೆ ಅನ್ನಿಸಿದ್ದು ಸಣ್ಣ ಮಾತಲ್ಲ.

ಹೊಸ ಲೂಥರನ ಜೀವನಚರಿತ್ರೆ ಹೀಗಿದೆ. ಮೆಟ್ರೊಪೊಲಿಸ್ ನಗರದ ಕೊಳೆಗೇರಿಯಲ್ಲಿ ಹುಟ್ಟಿದ ಹುಡುಗ. ತಂದೆ ತಾಯಿಯ ಹೆಸರಿನಲ್ಲಿ ಗುಟ್ಟಾಗಿ ದೊಡ್ಡ ವಿಮೆ ಮಾಡಿಸಿ, ಅವರು ಕಾರು ಅಪಘಾತದಲ್ಲಿ ಸಾಯುವಂತೆ ನೋಡಿಕೊಳ್ಳುತ್ತಾನೆ. ಆ ಹಣದಿಂದ ವಿಮಾನ ಕಂಪನಿ ಕಟ್ಟುತ್ತಾನೆ. ಕಂಪನಿ ಬೆಳೆದು ಊರನ್ನೇ ನುಂಗುತ್ತದೆ. ಊರಿನ ಬಹುಪಾಲು ಜನ ಒಂದಲ್ಲ ಒಂದು ರೀತಿಯಲ್ಲಿ ಅವನ ಸಂಬಳ ತಿನ್ನುವವರು. ಸೂಪರ್‌ಮ್ಯಾನ್ ಊರಿಗೆ ಬಂದಾಗ ಲೂಥರ್ ಮಾಡುವ ಮೊದಲ ಕೆಲಸವೆಂದರೆ ಒಂದು ಚೆಕ್ ಬರೆದು ಅವನ ಮುಂದೆ ಹಿಡಿಯುವುದು. ಹಾರುವ ಮನುಷ್ಯನನ್ನೂ ಸಂಬಳಕ್ಕೆ ಇಟ್ಟುಕೊಳ್ಳಬಹುದು ಎಂದು ಅವನ ಲೆಕ್ಕ. ಸೂಪರ್‌ಮ್ಯಾನ್ ಒಪ್ಪುವುದಿಲ್ಲ. ಮೇಯರ್ ಆಜ್ಞೆಯ ಮೇರೆಗೆ ಲೂಥರನನ್ನೇ ದಸ್ತಗಿರಿ ಮಾಡುತ್ತಾನೆ. ಸಾಹುಕಾರ ಬೇಗನೆ ಬಿಡುಗಡೆಯಾಗಿ ಬರುತ್ತಾನೆ, ಆದರೆ ಆ ಅವಮಾನ ಅವನ ಎದೆಯಲ್ಲಿ ಉಳಿದುಬಿಡುತ್ತದೆ.

1987ರ ಒಂದು ಪುಟ್ಟ ಕಥೆಯನ್ನು ಇಲ್ಲಿ ನೆನೆಯಬೇಕು. ಮೆಟ್ರೊಪೊಲಿಸ್‌ನಿಂದ 900 ಮೈಲಿ ದೂರದ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಲೂಥರ್ ತಿಂಡಿಗೆ ಕೂರುತ್ತಾನೆ. ಊಟ ಬಡಿಸುವ ಹೆಂಗಸಿಗೆ, ಒಂದು ತಿಂಗಳು ನನ್ನ ಜೊತೆ ಬಂದರೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆ, ಹೊರಗೆ ಕಾರಿನಲ್ಲಿ ಹತ್ತು ನಿಮಿಷ ಕಾಯುತ್ತೇನೆ, ತೀರ್ಮಾನ ಮಾಡು ಎನ್ನುತ್ತಾನೆ. ಅವಳಿಗೆ ಗಂಡನಿದ್ದಾನೆ, ಕಷ್ಟದ ಸಂಸಾರವಿದೆ. ಅವಳು ಒಳಗೇ ಬೇಯುತ್ತಾ ತೀರ್ಮಾನಕ್ಕೆ ಬರುವ ಮೊದಲೇ ಕಾರು ಹೊರಟುಹೋಗಿರುತ್ತದೆ. ಅವನಿಗೆ ಅವಳು ಬೇಕಾಗಿರಲಿಲ್ಲ. ಜೀವನವಿಡೀ ಅವಳು ‘ಹೋಗುತ್ತಿದ್ದೆನೋ ಇಲ್ಲವೋ’ ಎಂದು ತನ್ನನ್ನೇ ಕೇಳಿಕೊಳ್ಳುತ್ತಿರಬೇಕು, ಅಷ್ಟೇ ಅವನಿಗೆ ಬೇಕಾದದ್ದು. ಈ ಕಥೆಯಲ್ಲಿ ರಾಕೆಟ್ಟಿಲ್ಲ, ಹೊಡೆದಾಟವಿಲ್ಲ, ಸೂಪರ್‌ಮ್ಯಾನ್ ಕೂಡ ಬರುವುದಿಲ್ಲ. ಹಣವುಳ್ಳವನು ಇಲ್ಲದವನ ಆಸೆಯ ಜೊತೆ ಆಡುವ ಆಟವಷ್ಟೇ ಇದೆ. ಲೂಥರನ ನೂರಾರು ಕಥೆಗಳಲ್ಲಿ ನಮಗೆ ಅತ್ಯಂತ ಭಯಂಕರವಾಗಿ ಕಂಡದ್ದು ಇದು.

ಅವನ ಪತನಗಳು ಹಲವು. ಸೂಪರ್‌ಮ್ಯಾನನನ್ನು ದೂರವಿಡಲೆಂದು ಬೆರಳಿಗೆ ತೊಟ್ಟ ಹಸಿರು ಹರಳಿನ ಉಂಗುರದಿಂದಲೇ ಕ್ಯಾನ್ಸರ್ ಬರುತ್ತದೆ, ಕೈ ಹೋಗುತ್ತದೆ. ಸತ್ತಂತೆ ನಟಿಸಿ, ಹೊಸ ದೇಹ ಪಡೆದು, ತನ್ನ ಮಗನ ಹೆಸರಿನಲ್ಲಿ ತಾನೇ ಮರಳಿ ಬರುತ್ತಾನೆ. 2000ದ ಇಸವಿಯಲ್ಲಿ ಅಮೆರಿಕದ ಅಧ್ಯಕ್ಷನಾಗಿಯೂ ಆಯ್ಕೆಯಾಗುತ್ತಾನೆ. ನಾಲ್ಕು ವರ್ಷ ತುಂಬುವ ಹೊತ್ತಿಗೆ ದ್ವೇಷ ತಲೆಗೇರಿ, ತಾನೇ ವಿಷದಂಥ ಮದ್ದು ಚುಚ್ಚಿಕೊಂಡು ಎಲ್ಲರ ಮುಂದೆ ಬಯಲಾಗುತ್ತಾನೆ. ಅಧಿಕಾರ ಹೋಗುತ್ತದೆ, ಕಂಪನಿ ಕೈತಪ್ಪುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಅವನು ಯಾವತ್ತೂ ವ್ಯಾಪಾರದ ಕಾರಣಕ್ಕೆ ಬೀಳುವುದಿಲ್ಲ. ಲೆಕ್ಕಪತ್ರ ತಪ್ಪಿ ಬೀಳುವುದಿಲ್ಲ, ಕೂಲಿಯವರ ಮುಷ್ಕರದಿಂದ ಬೀಳುವುದಿಲ್ಲ. ಒಬ್ಬ ವ್ಯಕ್ತಿಯ ಮೇಲಿನ ಹಗೆ ಅವನನ್ನು ಕೆಡವುತ್ತದೆ. ಅವನು ಬಿದ್ದ ದಿನ ಊರಿನ ಜನ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾರೆ. ಅವನ ಕಂಪನಿಯಲ್ಲಿ ದುಡಿಯುತ್ತಿದ್ದವರಿಗೆ ಆ ತಿಂಗಳ ಸಂಬಳ ಬಂತೇ ಎಂದು ಯಾವ ಪುಟವೂ ಹೇಳುವುದಿಲ್ಲ.

ಲೂಥರನನ್ನು ಅಚ್ಚು ಹಾಕಿದವರ ಕಥೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬಗಳ ಹುಡುಗರು. 1938ರಲ್ಲಿ 130 ಡಾಲರಿಗೆ ಅವರು ತಮ್ಮ ನಾಯಕನ ಎಲ್ಲ ಹಕ್ಕುಗಳನ್ನು ಪ್ರಕಾಶಕರಿಗೆ ಬರೆದುಕೊಟ್ಟರು. ಪ್ರಕಾಶಕರು ಕೋಟಿಗಟ್ಟಲೆ ಗಳಿಸಿದರು. ಇಬ್ಬರೂ ಮುಪ್ಪಿನ ಹೊತ್ತಿಗೆ ಕಷ್ಟಕ್ಕೆ ಬಿದ್ದರು. 1975ರಲ್ಲಿ, ಅದೂ ಪತ್ರಿಕೆಗಳಲ್ಲಿ ಗದ್ದಲವಾದ ಮೇಲೆ, ವರ್ಷಕ್ಕೆ 20 ಸಾವಿರ ಡಾಲರ್ ಪಿಂಚಣಿ ಮತ್ತು ಪುಸ್ತಕದ ಮೇಲೆ ತಮ್ಮ ಹೆಸರು ಅವರಿಗೆ ದಕ್ಕಿತು. ದುಷ್ಟ ಸಾಹುಕಾರನ ಕಥೆಯನ್ನು ಮಾರುವುದೂ ಸಾಹುಕಾರಿಕೆಯೇ ಎಂಬುದನ್ನು ಮರೆಯಬಾರದು.

ಈಗ ನಮ್ಮ ಊರಿಗೆ ಬರೋಣ. 1978ರಲ್ಲಿ ಬಂದ ಸೂಪರ್‌ಮ್ಯಾನ್ ಸಿನಿಮಾದಲ್ಲಿ ಲೂಥರ್ ಜಮೀನು ವ್ಯಾಪಾರಿ. ಬೆಲೆಯಿಲ್ಲದ ಮರಳುಗಾಡನ್ನು ಅಗ್ಗಕ್ಕೆ ಕೊಂಡು, ಕ್ಷಿಪಣಿ ಸಿಡಿಸಿ ಕರಾವಳಿಯನ್ನೇ ಸಮುದ್ರಕ್ಕೆ ಬೀಳಿಸಿ, ತನ್ನ ಮರಳುಗಾಡನ್ನು ಹೊಸ ಕಡಲತೀರ ಮಾಡಿ ಮಾರುವುದು ಅವನ ಹಂಚಿಕೆ. ಅದೇ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿತು. ಆರ್.ಕೆ. ಬಾಳಿಗ ಎಂಬ ಸರ್ಕಾರಿ ಸಂಸ್ಥೆಯ ಮುಖ್ಯಸ್ಥರ ಕನಸು ಅದು. ಇಲ್ಲಿ ಕ್ಷಿಪಣಿ ಬೇಕಾಗಲಿಲ್ಲ. ಒಂದು ಅಧಿಸೂಚನೆ ಹೊರಟರೆ, ಒಂದು ರಸ್ತೆಯ ನಕ್ಷೆ ಬದಲಾದರೆ, ರಾಗಿ ಹೊಲ ಎಕರೆ ಲೆಕ್ಕದಿಂದ ಚದರಡಿ ಲೆಕ್ಕಕ್ಕೆ ಬಂದುಬಿಡುತ್ತದೆ. 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ನರ ಬೇಸಾಯದ ಬದುಕಿಗೆಂದು ಕೊಟ್ಟ ನೆಲ ವೈಟ್‌ಫೀಲ್ಡ್. ಅಲ್ಲಿ ಇಂದು ಬೇಸಾಯದ ಗುರುತೂ ಸಿಗುವುದಿಲ್ಲ. ಇದರಲ್ಲಿ ಯಾರೂ ಕಾನೂನು ಮುರಿಯಬೇಕಾಗಿಲ್ಲ. ಮುಂಚೆಯೇ ಸುದ್ದಿ ತಿಳಿದವನು ಮುಂಚೆಯೇ ಕೊಂಡರೆ ಸಾಕು.

ಲೂಥರನ ಕಥೆ ಇಲ್ಲಿ ಕೈಕೊಡುತ್ತದೆ. ಬೆಳ್ಳಂದೂರು ಕೆರೆಯನ್ನು ನೋಡಿ. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ ಉರಿಯಿತು. 2018ರ ಜನವರಿಯಲ್ಲಿ ಹತ್ತಿದ ಬೆಂಕಿಯನ್ನು ಆರಿಸಲು ಸಾವಿರಾರು ಸೈನಿಕರು ಬರಬೇಕಾಯಿತು. ವರ್ತೂರು ಕೆರೆಯ ನೊರೆ ಎದ್ದು ವೈಟ್‌ಫೀಲ್ಡ್ ರಸ್ತೆಯ ಬೈಕು ಸವಾರರ ಮುಖಕ್ಕೆ ಬಡಿಯಿತು. ನೀರು ಉರಿಯುವುದು ಎಂದರೆ ಕಾಮಿಕ್ಸಿನ ದೃಶ್ಯವೇ ಸರಿ. ಲೂಥರನ ಊರಾಗಿದ್ದರೆ ಕೆರೆಯ ತಳದಲ್ಲಿ ಅವನ ಗುಪ್ತ ಕಾರ್ಖಾನೆಯೊಂದು ಸಿಗುತ್ತಿತ್ತು. ಅದನ್ನು ಒಡೆದರೆ ನೀರು ತಿಳಿಯಾಗುತ್ತಿತ್ತು. ನಮ್ಮ ಕೆರೆಗೆ ಹರಿದದ್ದು ಊರಿನ ಕೊಳಚೆ. ಕಾರ್ಖಾನೆಯದೂ ಇತ್ತು, ಅಪಾರ್ಟ್‌ಮೆಂಟಿನದೂ ಇತ್ತು, ಬಟ್ಟೆ ಒಗೆದ ಸಾಬೂನಿನ ನೀರೂ ಇತ್ತು. ಅದರಲ್ಲಿ ನಮ್ಮ ಮನೆಯ ಪಾಲೂ ಇತ್ತು. ಒಬ್ಬ ಖಳನಾಯಕನನ್ನು ಹುಡುಕುವ ಕಣ್ಣಿಗೆ ಈ ಕೆರೆ ಕಾಣುವುದೇ ಇಲ್ಲ.

ಒಬ್ಬ ನಾಯಕನನ್ನು ಹುಡುಕುವ ಕಣ್ಣಿಗೂ ಹಾಗೆಯೇ ಕೆಲವು ಸಂಗತಿಗಳು ಕಾಣುವುದಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿತು. ಕೆಲಸ ಬಿಟ್ಟವರು ಮಾಲೀಕರ ಪಾಲಿನ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದಾಯಿತು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳಿಗೆ ಆ ಹಣವೆಂದರೆ ಮಗಳ ಮದುವೆ, ಊರಿನ ಸಾಲ, ಅಮ್ಮನ ಆಪರೇಷನ್. 58ರವರೆಗೆ ಆ ಯಂತ್ರದ ಮುಂದೆ ಯಾರ ಬೆನ್ನು ಉಳಿಯುತ್ತದೆ? ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲಿ, ಜಾಲಹಳ್ಳಿ ಪೀಣ್ಯದ ಕಡೆಯಲ್ಲಿ ಸಾವಿರಾರು ಹೆಂಗಸರು ಕಾರ್ಖಾನೆಗಳಿಂದ ಹೊರಗೆ ಬಂದು ರಸ್ತೆಯಲ್ಲಿ ಕೂತರು. ದೊಡ್ಡ ಸಂಘಟನೆಯ ಕರೆ ಇರಲಿಲ್ಲ, ಮೈಕು ಹಿಡಿದ ಮುಖಂಡ ಇರಲಿಲ್ಲ. ಹೆಬ್ಬಗೋಡಿಯ ಕಡೆ ಬೆಂಕಿ ಬಿತ್ತು, ಕಲ್ಲು ತೂರಾಟವಾಯಿತು, ಪೊಲೀಸರ ಲಾಠಿ ಬೀಸಿತು. ಎರಡನೆಯ ದಿನ ಸಂಜೆಯ ಹೊತ್ತಿಗೆ ದೆಹಲಿ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಈ ಎರಡು ದಿನಗಳಲ್ಲಿ ಸೂಪರ್‌ಮ್ಯಾನ್ ಇರಲಿಲ್ಲ, ಲೂಥರನೂ ಇರಲಿಲ್ಲ. ಅದಕ್ಕೇ ಇರಬೇಕು, ಅದರ ಬಗ್ಗೆ ಕಥೆಗಳು ಇಷ್ಟು ಕಡಿಮೆ. ನಮ್ಮ ಕಥೆಗಾರರನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇವೆ.

ಇನ್ನು, ಈ ಪತ್ರಿಕೆಯ ಓದುಗರಲ್ಲಿ ಹಲವರಿಗೆ ಇನ್ನೂ ಮಾಯದ ಗಾಯದ ಮಾತು. 2006ರಲ್ಲಿ ಬೆಂಗಳೂರಿನಲ್ಲಿ ಐ ಮಾನೆಟರಿ ಅಡ್ವೈಸರಿ, ಜನರ ಬಾಯಲ್ಲಿ ಐಎಂಎ, ಆರಂಭವಾಯಿತು. ಸ್ಥಾಪಿಸಿದವರು ಮೊಹಮ್ಮದ್ ಮನ್ಸೂರ್ ಖಾನ್. ಬಡ್ಡಿ ಹರಾಮ್, ನಮ್ಮದು ವ್ಯಾಪಾರದ ಪಾಲುದಾರಿಕೆ, ಬರುವುದು ಲಾಭದ ಹಂಚಿಕೆ ಎಂಬುದು ಅದರ ಮಾತಾಗಿತ್ತು. ಚಿನ್ನದ ಅಂಗಡಿ ಬಂತು, ಔಷಧಿ ಅಂಗಡಿ, ಆಸ್ಪತ್ರೆ ಬಂದವು. ಶಿವಾಜಿನಗರದ ಸರ್ಕಾರಿ ವಿ.ಕೆ. ಒಬೈದುಲ್ಲಾ ಶಾಲೆಗೆ ಹೊಸ ರೂಪ ಕೊಟ್ಟದ್ದು ಅದೇ ಹಣ. ಬಡಮಕ್ಕಳು ಚೆಂದದ ತರಗತಿಯಲ್ಲಿ ಕೂತದ್ದು ಸುಳ್ಳಲ್ಲ. 2019ರ ಜೂನ್‌ನಲ್ಲಿ ಮನ್ಸೂರ್ ಖಾನ್ ದುಬೈಗೆ ಹೊರಟುಹೋದರು. ಅವರದೆನ್ನಲಾದ ಧ್ವನಿಮುದ್ರಿಕೆಯೊಂದು ಫೋನಿನಿಂದ ಫೋನಿಗೆ ಹರಿಯಿತು. ಶಿವಾಜಿನಗರದ ಕಚೇರಿಯ ಮುಂದೆ ಜನ ಸೇರಿದರು. ಬುರ್ಖಾ ತೊಟ್ಟ ವಿಧವೆಯರು, ಆಟೋ ಓಡಿಸುವವರು, ಸೌದಿಯಲ್ಲಿ ದುಡಿದು ಬಂದವರು, ನಿವೃತ್ತ ಮೇಷ್ಟ್ರುಗಳು ರಸೀತಿ ಹಿಡಿದು ನಿಂತರು. ಕೆಲವೇ ವಾರಗಳಲ್ಲಿ 40 ಸಾವಿರ ದಾಟಿ ದೂರುಗಳು ಬಂದವು. ಜುಲೈ 19ರಂದು ದೆಹಲಿ ವಿಮಾನ ನಿಲ್ದಾಣದಲ್ಲಿ ಅವರ ಬಂಧನವಾಯಿತು. ರಾಜ್ಯದ ವಿಶೇಷ ತನಿಖಾ ತಂಡದಿಂದ ಪ್ರಕರಣ ಸಿಬಿಐ ಕೈಗೆ ಹೋಯಿತು. ತನಿಖೆಯವರ ಲೆಕ್ಕದಲ್ಲಿ ಸಂಗ್ರಹವಾದ ಹಣ ಸುಮಾರು 4,000 ಕೋಟಿ ರೂಪಾಯಿ. ತಪ್ಪೊಪ್ಪುಗಳನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾವು ಇಲ್ಲಿ ಓದುತ್ತಿರುವುದು ಆ ಪತನವನ್ನು ನಾವೆಲ್ಲ ಹೇಗೆ ಕಥೆ ಮಾಡಿಕೊಂಡೆವು ಎಂಬುದನ್ನು.

ಟಿವಿಯವರು ಅದನ್ನು ಒಂದೇ ವಾರದಲ್ಲಿ ಕಾಮಿಕ್ಸ್ ಮಾಡಿದರು. ಈಜುಕೊಳದ ತಳದಲ್ಲಿ ಚಿನ್ನದ ಗಟ್ಟಿ, ಗುಪ್ತ ಕೋಣೆ, ಪರಾರಿಯಾದ ದಾರಿ. ಆಮೇಲೆ ಅಲ್ಲಿ ಸಿಕ್ಕ ಗಟ್ಟಿಗಳೇ ನಕಲಿ ಎಂದೂ ಸುದ್ದಿಯಾಯಿತು. ನೋಡುವವರಿಗೆ ಮಜಾ ಬಂತು. ಮೊಹಲ್ಲಾದ ಒಳಗೂ ಅಂಥದೇ ಕಥೆಯೊಂದು ಹುಟ್ಟಿಕೊಂಡಿತು. ಅವನೊಬ್ಬ ಶೈತಾನ್, ನಾವೆಲ್ಲ ಭೋಳೆಯವರು, ಮೋಸಹೋದೆವು. ಈ ಎರಡು ಕಥೆಗಳೂ ಮೇಲುನೋಟಕ್ಕೆ ಬೇರೆ. ಆದರೆ ಎರಡರ ವ್ಯಾಕರಣವೂ ಲೂಥರನ ಕಥೆಯದೇ. ಒಬ್ಬ ಕೆಟ್ಟವನನ್ನು ಹಿಡಿದುಬಿಟ್ಟರೆ ಮಿಕ್ಕವರು ಶುದ್ಧವಾಗಿಬಿಡುತ್ತಾರೆ.

ಲೆಕ್ಕವನ್ನು ಸ್ವಲ್ಪ ನೋಡೋಣ. ಠೇವಣಿದಾರರು ಹೇಳುತ್ತಿದ್ದಂತೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬರುತ್ತಿತ್ತೆಂದರೆ ವರ್ಷಕ್ಕೆ 36 ಆಯಿತು. ಯಾವ ಚಿನ್ನದಂಗಡಿ, ಯಾವ ಔಷಧಿ ಅಂಗಡಿ ಒಂದು ತಿಂಗಳೂ ನಷ್ಟವಿಲ್ಲದೆ ವರ್ಷಕ್ಕೆ 36 ದುಡಿದು ಹಂಚುತ್ತದೆ? ಶರೀಅತ್ತಿನಲ್ಲಿ ಮುದಾರಬಾ ಎಂಬ ಪಾಲುದಾರಿಕೆ ಇದೆ. ಒಬ್ಬನ ಹಣ, ಇನ್ನೊಬ್ಬನ ದುಡಿಮೆ. ಲಾಭ ಬಂದರೆ ಮೊದಲೇ ಮಾತಾದಂತೆ ಹಂಚಿಕೆ, ನಷ್ಟವಾದರೆ ಬಂಡವಾಳ ಹೂಡಿದವನ ತಲೆಗೆ. ಲಾಭ ಮಾತ್ರ ಖಚಿತ, ನಷ್ಟದ ಮಾತೇ ಇಲ್ಲ ಎಂದಾದರೆ ಅದಕ್ಕೆ ಹಲಾಲ್ ಎಂದು ಹೆಸರಿಟ್ಟರೂ ಅದು ಬಡ್ಡಿಯದೇ ಇನ್ನೊಂದು ವೇಷ. ಈ ಮಾತು ನಮ್ಮ ಮದರಸಾದಲ್ಲಿ ಓದಿದ ಹುಡುಗನಿಗೂ ಗೊತ್ತು. ಗೊತ್ತಿದ್ದವರು ಏಕೆ ಗಟ್ಟಿಯಾಗಿ ಹೇಳಲಿಲ್ಲ? ಹೇಳಿದ ಕೆಲವರ ಮಾತನ್ನು ನಾವು ಏಕೆ ಕೇಳಲಿಲ್ಲ? ತಿಂಗಳ ಮೊದಲ ವಾರ ಹಣ ಬರುತ್ತಿದ್ದುದರಿಂದ.

ಆದರೆ ಬರೀ ಆಸೆ ಎಂದು ಹೇಳಿ ಮುಗಿಸಿದರೆ ಬಡವರಿಗೆ ಅನ್ಯಾಯ ಮಾಡಿದಂತೆ. ಬಡ್ಡಿ ಮುಟ್ಟಬಾರದೆಂದು ನಂಬಿದ ಸಾಮಾನ್ಯ ಮುಸಲ್ಮಾನನಿಗೆ ಹಣ ಇಡಲು ಜಾಗವೆಲ್ಲಿತ್ತು? ಸಮುದಾಯದವರೇ ಕಟ್ಟಿದ ಅಮಾನತ್ ಸಹಕಾರಿ ಬ್ಯಾಂಕು 2013ರಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಒಳಗಾಗಿತ್ತು. ಮೊಹಲ್ಲಾದಲ್ಲಿ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ ಎಂಬ ದೂರು ಹಳೆಯದು. ಮಗಳ ಮದುವೆಗೆಂದು ಕೂಡಿಟ್ಟ ಎರಡು ಲಕ್ಷ ಮನೆಯಲ್ಲಿದ್ದರೆ ಕರಗುತ್ತದೆ, ಬ್ಯಾಂಕಿನಲ್ಲಿದ್ದರೆ ಮನಸ್ಸು ಕೊರೆಯುತ್ತದೆ. ಈ ಕೊರೆತವೇ ಆ ವ್ಯಾಪಾರದ ಬಂಡವಾಳವಾಯಿತು. ಲೂಥರ್ ಆ ಹೋಟೆಲಿನ ಹೆಂಗಸಿನ ಬಡತನದ ಜೊತೆ ಆಡಿದ. ಇಲ್ಲಿ ಜನರ ಬಡತನದ ಜೊತೆಗೆ ಅವರ ಈಮಾನೂ ಆಟಕ್ಕೆ ಬಿತ್ತು. ನಮಗೆ ತೀರಾ ನೋವಾಗುವುದು ಇದರಿಂದ.

ಇನ್ನೊಂದು ಮಾತನ್ನೂ ಆಡಲೇಬೇಕು. ಇದೇ ಬೆಂಗಳೂರಿನ ವಿಜಯ್ ಮಲ್ಯ 2005ರಲ್ಲಿ ಕಿಂಗ್‌ಫಿಷರ್ ವಿಮಾನ ಹಾರಿಸಿದರು. 2012ರಲ್ಲಿ ವಿಮಾನಗಳು ನಿಂತವು. ನೌಕರರು ತಿಂಗಳುಗಟ್ಟಲೆ ಸಂಬಳ ಕಾಣಲಿಲ್ಲ. ಬ್ಯಾಂಕುಗಳು ಸುಮಾರು 9,000 ಕೋಟಿ ಬಾಕಿ ಎಂದು ಕೋರ್ಟಿಗೆ ಹೋದವು. 2016ರ ಮಾರ್ಚ್‌ನಲ್ಲಿ ಅವರು ದೇಶ ಬಿಟ್ಟರು. 2019ರ ಜನವರಿಯಲ್ಲಿ ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದು ಘೋಷಿಸಲಾಯಿತು. ಅವರ ಪತನದ ದಿನಗಳಲ್ಲಿ ಅವರ ಜಾತಿಯವರನ್ನು ಯಾರೂ ಬಸ್‌ಸ್ಟ್ಯಾಂಡಿನಲ್ಲಿ ತಡೆದು ಪ್ರಶ್ನೆ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಅವರ ಬಗ್ಗೆ ಬಂದ ಬರಹಗಳಲ್ಲಿ ಒಂದು ಬಗೆಯ ಬೆರಗೂ ಇತ್ತು, ಎಂಥ ಮೋಜಿನ ಮನುಷ್ಯ ಎಂಬ ಮೆಚ್ಚುಗೆಯೂ ಇತ್ತು. ಮನ್ಸೂರ್ ಖಾನ್ ಬಿದ್ದಾಗ ಮಾತ್ರ ಇಡೀ ಕೌಮು ಕಟಕಟೆಗೆ ಬಂತು. ಹಣ ಕಳೆದುಕೊಂಡವರೂ ಅದೇ ಸಮುದಾಯದವರು, ತಲೆ ತಗ್ಗಿಸಬೇಕಾದವರೂ ಅವರೇ. ನಮ್ಮ ಸಿನಿಮಾಗಳು ಡಾನ್‌ಗೆ ಯಾವ ಹೆಸರಿಡುತ್ತವೆ ಎಂಬುದನ್ನು ಬಲ್ಲವರಿಗೆ ಇದು ಆಶ್ಚರ್ಯವೇನಲ್ಲ. ಖಳನಾಯಕನ ವೇಷ ಕೆಲವರಿಗೆ ಹೊಲಿಸಿಟ್ಟ ಅಂಗಿಯಂತೆ ಸಿದ್ಧವಾಗಿರುತ್ತದೆ. ಹಾಗೆಂದು ಈ ಅನ್ಯಾಯವನ್ನು ಗುರಾಣಿ ಮಾಡಿಕೊಂಡು ನಮ್ಮ ಒಳಗಿನ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವುದು ಸರಿಯಲ್ಲ. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ಬೇಕು.

ಹಾಗಾದರೆ ಸಾಹುಕಾರನ ಪತನದ ಕಥೆಯನ್ನು ಹೇಗೆ ಹೇಳಬೇಕು? ಕನ್ನಡದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಬಂತು. ಬೆಂಗಳೂರಿನ ಕೆಳಮಧ್ಯಮವರ್ಗದ ಕುಟುಂಬವೊಂದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ಶ್ರೀಮಂತವಾಗುವ ಕಥೆ. ಚಿಕ್ಕಪ್ಪ ಕ್ರೂರಿಯೇ. ಆದರೆ ಕಾದಂಬರಿಯ ಕಣ್ಣು ಅವನ ಮೇಲಿಲ್ಲ. ಅವನ ಅನ್ನ ಉಣ್ಣುವ ಮನೆಯವರ ಮೇಲಿದೆ. ಅವನಿಗೆ ನೋವಾಗದಂತೆ ನೋಡಿಕೊಳ್ಳುವುದು, ಅವನು ಏನು ಮಾಡುತ್ತಾನೆಂದು ಕೇಳದಿರುವುದು, ಕೇಳುವ ಸೊಸೆಯನ್ನು ಶತ್ರುವಿನಂತೆ ಕಾಣುವುದು, ಹೀಗೆ ಪ್ರತಿಯೊಬ್ಬರೂ ತಮ್ಮ ಪಾಲಿನ ಕ್ರೌರ್ಯವನ್ನು ಊಟದ ಮೇಜಿನ ಮೇಲೆಯೇ ಮಾಡಿ ಮುಗಿಸುತ್ತಾರೆ. ಕಥೆ ಹೇಳುವವನು ಯಾರನ್ನೂ ಹೊಡೆದವನಲ್ಲ. ಏನನ್ನೂ ಮಾಡದಿರುವುದೇ ಅವನ ಅಪರಾಧ. ಲೂಥರನ ಊರಿನ ಜನರಲ್ಲಿ ಒಬ್ಬನಾದರೂ ಹೀಗೆ ಕಥೆ ಹೇಳಿದ್ದರೆ ಆ ಕಾಮಿಕ್ಸ್ ಬೇರೆಯದೇ ಪುಸ್ತಕವಾಗುತ್ತಿತ್ತು.

ಇದಕ್ಕಿಂತ ಬಹಳ ಹಳೆಯ ಇನ್ನೊಂದು ಮಾದರಿ ನಮ್ಮ ಮನೆಗಳಲ್ಲೇ ಇದೆ. ‘ಕಾರೂನನ ಖಜಾನೆ’ ಎಂಬ ನುಡಿಗಟ್ಟು ಉರ್ದು ಮನೆಮಾತಿನವರ ನಾಲಿಗೆಯ ಮೇಲೆ ಇಂದಿಗೂ ಇದೆ. ಕುರ್‌ಆನಿನ ಖಸಸ್ ಅಧ್ಯಾಯದಲ್ಲಿ ಬರುವ ಕಾರೂನ್ ಪ್ರವಾದಿ ಮೂಸಾರ ಜನಾಂಗದವನೇ. ಅವನ ಖಜಾನೆಯ ಕೀಲಿಗಳನ್ನು ಹೊರುವುದೇ ಬಲಿಷ್ಠ ಗುಂಪೊಂದಕ್ಕೆ ಭಾರವಾಗುತ್ತಿತ್ತು. ಇದೆಲ್ಲ ನನ್ನ ಸ್ವಂತ ಜ್ಞಾನದಿಂದ ಬಂದದ್ದು ಎಂದು ಅವನು ಹೇಳಿಕೊಳ್ಳುತ್ತಿದ್ದ. ಒಂದು ದಿನ ವೈಭವದಿಂದ ಜನರ ಮುಂದೆ ಹೊರಟ. ಆಮೇಲೆ ಭೂಮಿ ಅವನನ್ನೂ ಅವನ ಮನೆಯನ್ನೂ ನುಂಗಿತು. ವಾಜ಼್‌ಗಳಲ್ಲಿ ನಾವು ಸಾಮಾನ್ಯವಾಗಿ ಇಷ್ಟು ಕೇಳಿ, ಅಹಂಕಾರಿಗೆ ತಕ್ಕ ಶಾಸ್ತಿಯಾಯಿತು ಎಂದು ಎದ್ದು ಬರುತ್ತೇವೆ.

ಆದರೆ ಕಥೆಗಾರನ ಕಣ್ಣಿನಿಂದ ನೋಡಿದರೆ ಆ ವೃತ್ತಾಂತ ಇನ್ನೊಂದು ಕಡೆಗೆ ಬೆರಳು ತೋರಿಸುತ್ತದೆ. ಕಾರೂನನ ಮೆರವಣಿಗೆ ಹೋಗುವಾಗ ದಾರಿಬದಿಯಲ್ಲಿ ನಿಂತವರು ಏನಂದುಕೊಂಡರು ಎಂಬುದನ್ನು ಅದು ಹೇಳುತ್ತದೆ. ಅವನಿಗೆ ಸಿಕ್ಕಿದ್ದು ನಮಗೂ ಸಿಗಬಾರದಿತ್ತೇ ಎಂದು ಅವರು ಹಂಬಲಿಸಿದರು. ತಿಳಿದವರು ಕೆಲವರು ಎಚ್ಚರಿಸಿದರು. ಅವನು ಮುಳುಗಿದ ಮರುದಿನ ಬೆಳಿಗ್ಗೆ ಅದೇ ಜನ, ನಿನ್ನೆ ಅವನ ಜಾಗ ಬಯಸಿದವರು, ನಾವೂ ಮುಳುಗುತ್ತಿದ್ದೆವಲ್ಲ ಎಂದು ಬೆಚ್ಚಿದರು. ಕಾರೂನ್ ಮುಳುಗುವುದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ನೋಡುತ್ತಿದ್ದವರ ಮಾತು ಅವನ ಪತನದ ಮುಂಚೆಯೂ ಬರುತ್ತದೆ, ಆಮೇಲೂ ಬರುತ್ತದೆ. ಆ ಕಥೆಯ ಭಾರ ಇರುವುದು ದಾರಿಬದಿಯ ಗುಂಪಿನ ಮೇಲೆ. ಸಾವಿರದ ನಾನೂರು ವರ್ಷಗಳ ಹಿಂದಿನ ಈ ವೃತ್ತಾಂತ ಸಾಹುಕಾರನಿಗಿಂತ ಹೆಚ್ಚಾಗಿ ಅವನನ್ನು ನೋಡಿ ಜೊಲ್ಲು ಸುರಿಸಿದವರನ್ನು ಕುರಿತು ಮಾತಾಡುತ್ತದೆ. ಲೂಥರನ ಕಥೆಗೆ ಇಲ್ಲದ ಗುಣ ಇದೇ.

ಬಂಡಾಯದ ಕಾಲದಿಂದ ನಮ್ಮ ಕಥೆಗಳಲ್ಲೂ ಸಾಹುಕಾರ ಬಂದಿದ್ದಾನೆ. ದೊಡ್ಡ ಹೊಟ್ಟೆ, ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಸಾಲದ ಪತ್ರ. ಬಡವನ ಶಾಪ ತಟ್ಟಿ ಅವನು ಬೀಳುತ್ತಿದ್ದ, ಕಥೆ ಮುಗಿಯುತ್ತಿತ್ತು. ನಾವೂ ಅಂಥ ಕಥೆಗಳನ್ನು ಬರೆದಿದ್ದೇವೆ. ಇಂದು ಪೀಣ್ಯದ ಹುಡುಗನ ಕೂಲಿ ಎಷ್ಟೆಂದು ತೀರ್ಮಾನಿಸುವವನಿಗೆ ಮುಖವೇ ಇಲ್ಲ. ಗುತ್ತಿಗೆದಾರ ಕಂಪನಿಯನ್ನು ತೋರಿಸುತ್ತಾನೆ, ಕಂಪನಿ ಆರ್ಡರು ಕೊಟ್ಟ ವಿದೇಶಿ ಬ್ರ್ಯಾಂಡನ್ನು ತೋರಿಸುತ್ತದೆ, ಬ್ರ್ಯಾಂಡು ಗಿರಾಕಿಯನ್ನು ತೋರಿಸುತ್ತದೆ. ಆ ಗಿರಾಕಿ ಎಷ್ಟೋ ಸಲ ನಾವೇ. ಇಂಥ ಕಾಲಕ್ಕೆ ಖಳನಾಯಕನ ಕಥೆ ಸಾಲದು. ಅದು ಓದುಗನಿಗೆ ಸಮಾಧಾನ ಕೊಡುತ್ತದೆ, ತಿಳಿವಳಿಕೆ ಕೊಡುವುದಿಲ್ಲ.

ಐಎಂಎ ಬಗ್ಗೆ ಸಿನಿಮಾವೋ ಸೀರಿಯಲ್ಲೋ ಬಂದರೆ ಅದು ದುಬೈ ವಿಮಾನದಿಂದಲೇ ಆರಂಭವಾಗುತ್ತದೆ ಎಂದು ನಾವು ಪಂದ್ಯ ಕಟ್ಟಲು ಸಿದ್ಧ. ನಮ್ಮ ಕಥೆಗಾರರು ಬೇರೆ ಕಡೆಯಿಂದ ಆರಂಭಿಸಬೇಕು. ಮೊದಲ ತಿಂಗಳ ಮೂರು ಸಾವಿರ ಬಂದ ದಿನ ಆ ಮನೆಯಲ್ಲಿ ಏನು ಅಡುಗೆ ಮಾಡಿದರು? ಹಣ ಹಾಕಲು ಒಪ್ಪದ ಅಜ್ಜಿಯನ್ನು ಯಾರು, ಯಾವ ಮಾತಿನಿಂದ ಸುಮ್ಮನಾಗಿಸಿದರು? ಅಕ್ಕನಿಗೆ ಹೇಳಿ ಸೇರಿಸಿದ ತಂಗಿ ಈಗ ಅಕ್ಕನ ಮನೆಗೆ ಹೋಗುತ್ತಾಳೆಯೇ? ಜುಮಾ ನಮಾಜಿನ ಸಫ್‌ನಲ್ಲಿ ಶಿಫಾರಸು ಮಾಡಿದವನೂ ಕಳೆದುಕೊಂಡವನೂ ಭುಜಕ್ಕೆ ಭುಜ ತಾಗಿಸಿ ನಿಂತಾಗ ಇಬ್ಬರೂ ಎತ್ತ ನೋಡುತ್ತಾರೆ? ಕಾರೂನ್ ಮುಳುಗಿಯಾಗಿದೆ. ಮರುದಿನದ ಬೆಳಗಿನಲ್ಲಿ ದಾರಿಬದಿಯಲ್ಲಿ ನಿಂತವರ ಕಥೆಯನ್ನು ಬರೆಯುವುದು ಬಾಕಿ ಇದೆ. ಅದನ್ನು ಅವರೇ, ಅಂದರೆ ನಾವೇ, ಬರೆಯಬೇಕಾಗಿದೆ.